‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಪ್ರೇಮ ಮತ್ತು ಕರ್ತವ್ಯ

ಯುದ್ಧಕಾಲದಲ್ಲಿ ನಿರ್ಮಿತವಾದ ಚಲಚ್ಚಿತ್ರಗಳಲ್ಲಿ ಹೆಚ್ಚಿನವು ಯುದ್ಧದೊಡನೆಯೇ ಮರೆಯಾದುವು. ಪ್ರಚಾರದ ಪ್ರಯೋಜನ ತೀರಿದ ಮೇಲೆ ಅವುಗಳಲ್ಲಿ ನೋಡತಕ್ಕದ್ದು ಅಷ್ಟಾಗಿ ಉಳಿಯಲಿಲ್ಲ. ಹಾಲಿವುಡ್ಡಿನ ವಾರ್ನರ್ ಸಹೋದರರ ಸಂಸ್ಥೆ ೧೯೪೨ರಲ್ಲಿ ತಯಾರಿಸಿದ ‘ಕಾಸಾಬ್ಲಾಂಕಾ’ ಈ ಮಾತಿಗೆ ಅಪವಾದ. ಅದು ಉಳಿದುಬಂದುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಥೆ ನಡೆಯುವುದು ೧೯೪೧ರ ಡಿಸೆಂಬರಿನಲ್ಲಿ, ಫ್ರೆಂಚರ ರಕ್ಷಣಾಧೀನದಲ್ಲಿದ್ದ ಮೊರಾಕ್ಕೋ ದೇಶದ ರೇವುಪಟ್ಟಣವೊಂದರಲ್ಲಿ. ಫ್ರಾನ್ಸು ಜರ್ಮನಿಗೆ ಮಣಿದು ವರ್ಷ ಕಳೆದಿದೆ. ಯೂರೋಪಿನಿಂದ ಓಡಿಬಂದ ನಿರಾಶ್ರಿತರು ಲಿಸ್ಬನ್ನಿನ ಮಾರ್ಗವಾಗಿ ಅಮೆರಿಕವನ್ನು ಸೇರಲು ರಹದಾರಿಗಾಗಿ ಕಾದಿದ್ದಾರೆ. ರಿಕ್ ಎಂಬ ಅಮೆರಿಕನ್ನನ ಪಾನಗೃಹ ಅವರೆಲ್ಲ ಕೂಡುವ ತಾಣ. ಪರರಿಗಾಗಿ ತಾನು ಅಪಾಯಕ್ಕೆ ತಲೆಯೊಡ್ಡೆನೆನ್ನುವ ಈತನ ವಶಕ್ಕೆ ಎರಡು ರಹದಾರಿ ಪತ್ರಗಳು ಬರುತ್ತವೆ. ಅದೇ ವೇಳೆಗೆ, ಹಿಂದೆ ಪ್ಯಾರಿಸಿನಲ್ಲಿ ತನ್ನನ್ನು ಅಗಲಿದ ಇಲ್ಸಾ ತನ್ನ ಪತಿ ಲಾಸ್ಲೋನೊಡನೆ ಅಲ್ಲಿಗೆ ಬರುತ್ತಾಳೆ. ಲಾಸ್ಲೋ ನಾತ್ಸಿಗಳ ವಿರುದ್ಧ ಹೋರಾಡುತ್ತಿರುವ ನಾಯಕ. ಪತಿ ಮೃತನಾದನೆಂದು ನಂಬಿ ಆಕೆ ರಿಕ್ಕನನ್ನು ಪ್ರೀತಿಸಿದ್ದಳು. ಆತನು ಜೀವಂತನೆಂದು ತಿಳಿದೊಡನೆ ಕಾರಣ ಹೇಳದೆ ಅಗಲಿದ್ದಳು.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಿಪ್ರಲಂಭ ಶೃಂಗಾರದಿಂದ ಮೊದಲಾದ ಕಥೆ ವೀರರಸದಲ್ಲಿ ಮುಗಿಯುತ್ತದೆ. ಇಲ್ಸಾ ಉಳಿಯಲು ಒಪ್ಪಿದ ಮೇಲೆಯೇ ರಿಕ್ ಅವಳನ್ನು ಪತಿಯೊಡನೆ ವಿಮಾನಕ್ಕೆ ಹತ್ತಿಸುತ್ತಾನೆ. ದೊರೆಯದುದನ್ನು ಬಿಡುವುದು ತ್ಯಾಗವೆನಿಸದು; ಕೈಗೆ ಬಂದುದನ್ನು ಬಿಟ್ಟುಕೊಟ್ಟುದರಿಂದ ಆತನ ನಡತೆಗೆ ಘನತೆ ಬಂದಿದೆ. ಅಮೆರಿಕದ ತಟಸ್ಥನೀತಿಯ ಅಂತ್ಯವೂ ಇದರಲ್ಲಿ ಧ್ವನಿತವಾಗುತ್ತದೆ. ಚಿತ್ರಕ್ಕೆ ಮೂಲವಾದ, ರಂಗವನ್ನು ಕಾಣದಿದ್ದ ನಾಟಕವು ವಾರ್ನರ್ ಸಂಸ್ಥೆಯ ಕೈಸೇರಿದುದು ಪರ್ಲ್ ಹಾರ್ಬರಿನ ಮೇಲೆ ದಾಳಿಯಾದ ಮರುದಿನ, ೧೯೪೧ರ ಡಿಸೆಂಬರ್ ೮ರಂದು.

ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವುಂಟು. ನಿರಾಶ್ರಿತರ ಈ ಕಥೆಯನ್ನು ಅಭಿನಯಿಸಿದವರಲ್ಲಿ ಅನೇಕರು ಸ್ವತಃ ನೆಲೆ ತಪ್ಪಿದವರು. ನಿರ್ದೇಶಕ ಮೈಕೆಲ್ ಕರ್ಟಿಜ್ ಹಂಗೇರಿಯಲ್ಲಿ ಹುಟ್ಟಿದವನು. ನಾತ್ಸಿ ಅಧಿಕಾರಿಯ ಪಾತ್ರ ವಹಿಸಿದ ಕಾನ್ರಾಡ್ ವೈಟ್ ೧೯೩೩ರಲ್ಲಿ ಜರ್ಮನಿಯನ್ನು ತೊರೆದಿದ್ದನು. ಮಾರ್ಸೆಲ್ ಡಾಲಿಯೋ, ಮ್ಯಾಡಲೀನ್ ಲೆಬೋ ೧೯೪೦ರಲ್ಲಿ ಫ್ರಾನ್ಸಿನಿಂದ ಪಾರಾಗಿ ಬಂದವರು. ಜರ್ಮನ್ ಸೈನಿಕರ ಹಾಡನ್ನು ಮುಳುಗಿಸುವಂತೆ ಪಾನಗೃಹದವರೆಲ್ಲ ಎದ್ದು ಫ್ರೆಂಚ್ ರಾಷ್ಟ್ರಗೀತೆಯನ್ನು ಹಾಡುವ ದೃಶ್ಯದಲ್ಲಿ ಲೆಬೋಳ ಕಣ್ಣಲ್ಲಿ ನೀರು ತುಂಬಿರುತ್ತದೆ. ಆ ದೃಶ್ಯದ ಬಲವು ಬರಿಯ ನಟನಾಕೌಶಲದಿಂದ ಬಂದುದೆಂದು ಹೇಳಲಾಗದು.

ಚಿತ್ರದಲ್ಲಿ ದೋಷಗಳೂ ಇವೆ. ಯಾರೂ ಪ್ರಶ್ನಿಸಲಾಗದ ಆ ರಹದಾರಿ ಪತ್ರಗಳು ಕೇವಲ ಕಲ್ಪನೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಮೊರಾಕ್ಕೋದ ಜನರ ಮೌನ. ಅವರು ಬೀದಿಯ ಅಲಂಕಾರವಾಗಿ ಬಂದು ಹೋಗುತ್ತಾರೆ. ಫ್ರೆಂಚರ ಸ್ವಾತಂತ್ರ್ಯಗೀತೆ ಮೊಳಗುವ ಆ ನೆಲವು ಫ್ರೆಂಚರಿಂದ ಬಿಡುಗಡೆ ಹೊಂದಿದುದು ೧೯೫೬ರಲ್ಲಿ. ಪರಾಧೀನತೆಯನ್ನು ಅನುಭವಿಸಿದ ದೇಶದ ಪ್ರೇಕ್ಷಕನಿಗೆ ಈ ವಿರೋಧಾಭಾಸ ಕಾಣದಿರಲಾರದು.

ಮಿತ್ರಸೈನ್ಯವು ಉತ್ತರ ಆಫ್ರಿಕದಲ್ಲಿ ಇಳಿದ ಕೆಲವೇ ದಿನಗಳಲ್ಲಿ, ೧೯೪೨ರ ನವೆಂಬರ್ ೨೬ರಂದು, ಚಿತ್ರವು ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶಿತವಾಯಿತು. ೧೯೪೪ರಲ್ಲಿ ಶ್ರೇಷ್ಠ ಚಿತ್ರ, ನಿರ್ದೇಶನ, ಚಿತ್ರಕಥೆಗಳಿಗೆ ಆಸ್ಕರ್ ಪ್ರಶಸ್ತಿಗಳು ದೊರೆತುವು. ಈ ಸಂದರ್ಭಬಲವೆಲ್ಲ ಕಾಲದೊಡನೆ ಸಂದುಹೋಯಿತು. ಸ್ವಂತ ನೆಲವನ್ನು ಕಳೆದುಕೊಂಡವನು ಬೇರೊಬ್ಬರ ಬಿಡುಗಡೆಗಾಗಿ ತನ್ನ ಸುಖವನ್ನು ತೆತ್ತನೆಂಬ ಕಥೆಯ ತಿರುಳು ಮಾತ್ರ ಸವೆಯದೆ ನಿಂತಿದೆ.