ತೊಗಲನ್ನು ‘ಮಾಡಿದ’ ಕೈಗಳು

ಕೆನಡಾ ದೇಶದ ಉತ್ತರಕ್ಕೆ ಹಡ್ಸನ್ ಕೊಲ್ಲಿ ಎಂಬ ವಿಶಾಲವಾದ ಜಲರಾಶಿಯಿದೆ. ಅದರ ಸುತ್ತಲಿನ ನಾಡಿನ ವ್ಯಾಪಾರದ ಹಕ್ಕನ್ನು 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಒಂದು ಕಂಪನಿಗೆ ಬರೆದುಕೊಟ್ಟ. ನಮ್ಮಲ್ಲಿಗೆ ಬಂದ ಕಂಪನಿ ಮೆಣಸು, ಬಟ್ಟೆಗಳ ಬೆನ್ನು ಹತ್ತಿದಂತೆ ಈ ಹಡ್ಸನ್ ಬೇ ಕಂಪನಿ ಬೀವರ್ ಎಂಬ ಪ್ರಾಣಿಯ ತುಪ್ಪಳದ ಬೆನ್ನು ಹತ್ತಿತು. ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ್ದು. ಹಲ್ಲಿನಿಂದ ಮರ ಕಡಿದು, ತೊರೆಗೆ ಅಡ್ಡಗಟ್ಟೆ ಕಟ್ಟಿ ಬದುಕುವಂಥದು. ಅದರ ನವುರಾದ ಒಳಗೂದಲಿನಿಂದ ಮಾಡಿದ ಹ್ಯಾಟು ಎರಡು ಶತಮಾನಗಳಿಗೂ ಮೀರಿ ಯುರೋಪಿನ ಸಿರಿವಂತರ ತಲೆಯ ಮೇಲೆ ಮೆರೆಯಿತು.

ಆ ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ ನಾಣ್ಯದ ಬದಲಿಗೆ ಒಂದು ವಿಚಿತ್ರವಾದ ಮಾತು ಬರುತ್ತದೆ: ‘ಮೇಡ್ ಬೀವರ್’. ಅಂದರೆ ‘ಮಾಡಿದ ಬೀವರ್’. ಕೊಡಲಿಗೆ ಇಷ್ಟು, ಕಂಬಳಿಗೆ ಇಷ್ಟು, ಬಂದೂಕಿಗೆ ಇಷ್ಟು ಎಂದು ಬೆಲೆ ಕಟ್ಟುತ್ತಿದ್ದುದೆಲ್ಲ ಇದರ ಲೆಕ್ಕದಲ್ಲಿಯೇ. ಕಾಡಿನಲ್ಲಿ ತಾನಾಗಿ ಹುಟ್ಟಿ ಬೆಳೆದ ಪ್ರಾಣಿಯನ್ನು ಯಾರಾದರೂ ‘ಮಾಡುವುದು’ ಹೇಗೆ? ಈ ಹೊತ್ತು ನಾನು ಹೇಳಬಯಸುವುದು ಆ ಒಂದು ಕ್ರಿಯಾಪದದ ಕಥೆಯನ್ನು.

ಬೋನು ಹೂಡುವುದು ಚಳಿಗಾಲದಲ್ಲಿ. ಬೇಸಗೆಯ ತುಪ್ಪಳ ತೆಳು, ಬೆಲೆಯಿಲ್ಲದ್ದು. ತುಪ್ಪಳ ಹದಕ್ಕೆ ಬಂದಿದೆಯೇ ಎಂಬುದನ್ನು ಬಲ್ಲವರು ಕೂದಲನ್ನು ನೋಡಿ ಮಾತ್ರ ಹೇಳುವುದಿಲ್ಲ. ತೊಗಲನ್ನು ಮಗುಚಿ ಒಳಮೈಯನ್ನು ನೋಡುತ್ತಾರೆ. ಕೂದಲು ಇನ್ನೂ ಬೆಳೆಯುತ್ತಿದ್ದರೆ ಬುಡದಲ್ಲಿ ನಿಂತ ಬಣ್ಣದಿಂದಾಗಿ ಒಳಮೈ ನೀಲಿಗಪ್ಪಾಗಿ ಕಾಣುತ್ತದೆ. ಬೆಳವಣಿಗೆ ಮುಗಿದ ಮೇಲೆ ಅದು ಕೆನೆಯ ಬಣ್ಣಕ್ಕೆ ತಿರುಗುತ್ತದೆ.

ಸುಲಿಯುವುದರಲ್ಲಿ ಎರಡು ಬಗೆ. ಬೀವರಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ತೊಗಲನ್ನು ಬಿಡಿಸಿ, ಬಾಗಿಸಿದ ವಿಲೋ ಕೊಂಬೆಯ ಬಳೆಯೊಳಗೆ ಸುತ್ತಲೂ ದಾರದಿಂದ ಬಿಗಿದು ಕಟ್ಟುತ್ತಾರೆ. ನಮ್ಮ ತಮಟೆಯ ಮುಖವನ್ನು ನೆನೆಸಿಕೊಳ್ಳಿ. ನರಿ, ಮಿಂಕ್, ಮಾರ್ಟೆನ್ ಮುಂತಾದವುಗಳ ತೊಗಲನ್ನು ಹಾಗೆ ಸೀಳದೆ, ಕಾಲುಚೀಲ ಕಳಚಿದಂತೆ ಹಿಂಗಾಲಿನ ಕಡೆಯಿಂದ ಎಳೆದು ತೆಗೆದು, ಮೊನಚಾದ ಹಲಗೆಗೆ ತೊಡಿಸುತ್ತಾರೆ. ನರಿಯದಾದರೆ ಒಳಮೈ ಅರೆಬರೆ ಒಣಗಿದೊಡನೆ ಮಗುಚಿ ತುಪ್ಪಳವನ್ನು ಹೊರಗೆ ತರಬೇಕು. ತಡವಾದರೆ ಗಡುಸಾದ ತೊಗಲು ಮಗುಚುವಾಗ ಬಿರಿಯುತ್ತದೆ.

ಆದರೆ ನಿಜವಾದ ಪರೀಕ್ಷೆ ಕೊಬ್ಬನ್ನು ಹೆರೆಯುವುದರಲ್ಲಿ. ಬೀವರಿನ ಕೊಬ್ಬು ತೊಗಲಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಉಳಿಸಿದರೆ ಕಮಟಾಗಿ ತೊಗಲನ್ನೇ ಸುಡುತ್ತದೆ. ಮುಂದೆ ಹದಗಾರನ ಕೈಯಲ್ಲಿ ಅದು ಹಳೆಯ ಕಾಗದದಂತೆ ಹರಿಯುತ್ತದೆ. ಅತಿಯಾಗಿ ಹೆರೆದರೋ ಕೂದಲಿನ ಬೇರು ಕತ್ತರಿಸಿ ತುಪ್ಪಳ ಉದುರುತ್ತದೆ. ಈ ಎರಡರ ನಡುವಿನ ಎಳೆಯಷ್ಟು ಜಾಗದಲ್ಲಿ ಮೂಳೆಯ ಹೆರೆಮಣೆಯನ್ನು ಆಡಿಸಬೇಕು. ಒಣಗಿಸುವಾಗಲೂ ಅವಸರ ಸಲ್ಲದು. ಬೆಂಕಿಯ ಬಳಿ ಇಟ್ಟರೆ ತೊಗಲು ಬೆಂದುಹೋಗುತ್ತದೆ. ತಂಪಾದ, ಗಾಳಿಯಾಡುವ ನೆರಳೇ ಆಗಬೇಕು. ನಮ್ಮ ಸೆಕೆಯ ನಾಡಿನಲ್ಲಿ ಸುಲಿದ ತೊಗಲಿಗೆ ಕೂಡಲೆ ಉಪ್ಪು ಹಚ್ಚದಿದ್ದರೆ ಕೊಳೆಯುತ್ತದೆ. ಕೂದಲು ತೆಗೆದು ತಂಗಡಿಯ ತೊಗಟೆಯಲ್ಲಿ ಹದಮಾಡುವುದು ನಮ್ಮ ಹಳೆಯ ವಾಡಿಕೆ. ಅಲ್ಲಿ ಉಪ್ಪಿನ ಕೆಲಸವನ್ನು ಚಳಿ ಮಾಡುತ್ತದೆ. ನಮಗೆ ಬೇಡವಾದ ಕೂದಲೇ ಅವರಿಗೆ ಸರ್ವಸ್ವ. ಈಗಿನ ಬೇಟೆಗಾರರು ಬಿಡುವಿಲ್ಲದ ದಿನಗಳಲ್ಲಿ ತೊಗಲನ್ನು ಗಾಳಿಯಾಡದಂತೆ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡುತ್ತಾರೆ. ಗಾಳಿ ತಗುಲಿದರೆ ಹಿಮದೊಳಗೇ ಅಂಚು ಒಣಗಿ ಕೆಡುತ್ತದೆ.

ಸೊಗಸಾದ ವಿಷಯವೊಂದುಂಟು. ಹಿಂದಿನ ಕಾಲದಲ್ಲಿ ಅತ್ಯುತ್ತಮ ಬೆಲೆ ಬರುತ್ತಿದ್ದುದು ಹೊಸ ತೊಗಲಿಗಲ್ಲ, ತೊಟ್ಟು ಹಳತಾದ ತೊಗಲಿಗೆ! ಐದರಿಂದ ಎಂಟು ತೊಗಲುಗಳ ಒಳಮೈಯನ್ನು ಹೆರೆದು, ಮಜ್ಜೆ ತಿಕ್ಕಿ, ಹೊಲಿದು ನಿಲುವಂಗಿ ಮಾಡುತ್ತಿದ್ದರು. ತುಪ್ಪಳ ಮೈಗೆ ತಾಗುವಂತೆ ಅದನ್ನು ತೊಟ್ಟು ಒಂದೆರಡು ಚಳಿಗಾಲ ಕಳೆದರೆ, ಬೆವರು, ಜಿಡ್ಡುಗಳಿಂದ ತೊಗಲು ಮೆತ್ತಗಾಗಿ, ಒರಟಾದ ಹೊರಗೂದಲೆಲ್ಲ ಉದುರಿ, ಹ್ಯಾಟಿಗೆ ಬೇಕಾದ ಒಳಗೂದಲು ಮಾತ್ರ ಉಳಿಯುತ್ತಿತ್ತು. ಫ್ರೆಂಚ್ ವರ್ತಕರು ಇದನ್ನು ‘ಜಿಡ್ಡಿನ ಬೀವರ್’ ಎಂದೇ ಕರೆದರು. ಪ್ಯಾರಿಸಿನ ಶ್ರೀಮಂತನ ತಲೆಯ ಮೇಲೆ ಕುಳಿತ ಹ್ಯಾಟು ಕ್ರೀ ಜನರೊಬ್ಬರ ಎರಡು ವರ್ಷದ ಬೆವರನ್ನು ಕುಡಿದದ್ದು ಎಂಬುದು ಆತನಿಗೆ ತಿಳಿದಿತ್ತೋ ಇಲ್ಲವೋ!

ಈ ಹೆರೆಯುವುದು, ಬಿಗಿಯುವುದು, ಒಣಗಿಸುವುದು, ಹೊಲಿಯುವುದು ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಗಂಡಸು ಪ್ರಾಣಿಯನ್ನು ಹಿಡಿದು ತಂದರೆ ಅದು ಇನ್ನೂ ಸರಕಲ್ಲ. ಅದನ್ನು ‘ಮೇಡ್ ಬೀವರ್’ ಆಗಿಸಿದವಳು ಹೆಂಗಸು. 1770ರಲ್ಲಿ ಉತ್ತರದ ಬಯಲುಗಳಲ್ಲಿ ಅಲೆದ ಸ್ಯಾಮ್ಯುಯೆಲ್ ಹರ್ನ್ ಎಂಬ ಕಂಪನಿಯ ನೌಕರನಿಗೆ ಮಟೊನಬೀ ಎಂಬ ಡೆನೆ ನಾಯಕ ಹೇಳಿದ ಮಾತಿನ ಸಾರ ಇದೇ: ನೀನು ಹೆಂಗಸರನ್ನು ಕರೆತರಲಿಲ್ಲ, ಅದಕ್ಕೇ ಸೋತೆ. ಮಾತಿನಲ್ಲಿ ಗೌರವಕ್ಕಿಂತ ದುಡಿಸಿಕೊಳ್ಳುವವನ ದನಿಯೇ ಹೆಚ್ಚೆಂದು ನನಗೆ ಅನಿಸುತ್ತದೆ. ಆದರೆ ಅದು ಸುಳ್ಳಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಸಾಲ ಬರೆದದ್ದು, ಜಮೆ ಬರೆದದ್ದು ಸಾಮಾನ್ಯವಾಗಿ ಬೇಟೆಗಾರನ ಹೆಸರಿನಲ್ಲಿ.

ಕಂಪನಿ 1987ರಲ್ಲಿ ತನ್ನ ತುಪ್ಪಳದ ಹರಾಜು ವ್ಯವಹಾರವನ್ನು ಮಾರಿತು. 2025ರಲ್ಲಿ ಅದರ ಅಂಗಡಿಗಳೂ ಮುಚ್ಚಿದವು. ಪ್ರಾಣಿಗಳನ್ನು ತುಪ್ಪಳಕ್ಕಾಗಿ ಕೊಲ್ಲುವುದು ಸರಿಯೇ ಎಂಬ ವಾದ ಇಂದಿಗೂ ನಡೆದೇ ಇದೆ. ನನಗೆ ಆ ಹ್ಯಾಟಿನ ಮೋಹವಿಲ್ಲ. ಆದರೂ ಸತ್ತ ಪ್ರಾಣಿಯ ತೊಗಲು ಅಜಾಗರೂಕತೆಯಿಂದ ಕೊಳೆತುಹೋದರೆ ಅದು ಎರಡನೆಯ ಕೊಲೆಯೆಂದೇ ಎಣಿಸುತ್ತೇನೆ.

ಹಾಗೆ ಎಣಿಸಿದವಳೊಬ್ಬಳು ಆ ಕಾಲದಲ್ಲಿಯೂ ಇದ್ದಳೋ ಏನೋ. ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು 1714ರಲ್ಲಿ ಕಂಪನಿಯ ಯಾರ್ಕ್ ಕೋಟೆಗೆ ಬಂದ ಡೆನೆ ಯುವತಿ ಆಕೆ. ಎರಡು ಜನಾಂಗಗಳ ನಡುವೆ ಶಾಂತಿ ಮಾಡಿಸಿದಳು. ಮುದುಕನೊಬ್ಬ ಕೆಟ್ಟ ತೊಗಲನ್ನು ಮಾರಲು ತಂದಾಗ ಅವನ ಮೂಗು ಹಿಡಿದು ಹಿಂದಕ್ಕೆ ತಳ್ಳಿ, ಮೂರ್ಖ ಎಂದು ಬೈದಳಂತೆ. ಕೋಟೆಯ ಅಧಿಕಾರಿ ಜೇಮ್ಸ್ ನೈಟ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. 1717ರ ಫೆಬ್ರವರಿಯಲ್ಲಿ ಆಕೆ ಕಾಯಿಲೆಯಿಂದ ತೀರಿಕೊಂಡಾಗ ಅವನು ಬಹಳ ನೊಂದ. ಆದರೂ ಆ ದಿನಚರಿಯಲ್ಲಿ ಆಕೆ ಬರಿಯ ‘ಗುಲಾಮ ಹೆಂಗಸು’. ಥನಡೆಲ್ಥರ್ ಎಂಬ ಹೆಸರು ಉಳಿದು ಬಂದದ್ದು ಡೆನೆ ಜನರ ಬಾಯಿಮಾತಿನ ಕಥೆಗಳಲ್ಲಿ.