ಸಕಾಲದ ಸಲಹೆ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯೊಂದುಂಟು. ಬಾಗಿಲು ಹಾಕಬೇಕೆಂಬ ತಿಳಿವಳಿಕೆಯಲ್ಲಿ ದೋಷವಿಲ್ಲ. ಆ ತಿಳಿವಳಿಕೆ ಬಂದ ಹೊತ್ತಿನಲ್ಲಿ ದೋಷವಿದೆ. ಒಂದು ಸಂಸಾರದ ಬಾಳಿಗೆ ಈ ಮಾತು ಎಷ್ಟು ನಿಜವೋ ಒಂದು ರಾಷ್ಟ್ರದ ಬಾಳಿಗೂ ಅಷ್ಟೇ ನಿಜ. ರಾಷ್ಟ್ರದ ಏಳಿಗೆಗೆ ಹಣ ಬೇಕು, ದುಡಿಮೆ ಬೇಕು, ನೆಲ ಜಲಗಳ ಸಂಪತ್ತು ಬೇಕು. ಇವೆಲ್ಲವನ್ನೂ ಯಾವಾಗ, ಯಾವ ಕಾರ್ಯಕ್ಕೆ, ಯಾವ ಕ್ರಮದಲ್ಲಿ ಬಳಸಬೇಕೆಂಬ ಅರಿವೂ ಬೇಕು. ಈ ಅರಿವು ತಕ್ಕ ಸಮಯದಲ್ಲಿ ಒದಗದಿದ್ದರೆ ಇರುವ ಸಂಪತ್ತೂ ವ್ಯರ್ಥವಾಗುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಏಷ್ಯ ಮತ್ತು ಆಫ್ರಿಕ ಖಂಡಗಳ ಅನೇಕ ದೇಶಗಳು ಒಂದಾದ ಮೇಲೊಂದರಂತೆ ಸ್ವತಂತ್ರವಾದವು. ಮುಂದುವರಿದ ರಾಷ್ಟ್ರಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ನಿಧಾನವಾಗಿ ನಡೆದ ಹಾದಿಯನ್ನು ಈ ಹೊಸ ರಾಷ್ಟ್ರಗಳು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಕ್ರಮಿಸಬೇಕಾಯಿತು. ವೇಗವಾಗಿ ಬೆಳೆಯುವ ದೇಶದ ಕಷ್ಟವೇ ಬೇರೆ. ಇಂದು ಬಂದರನ್ನು ಕಟ್ಟಲು ತೊಡಗಿದರೆ ಅದು ಬಳಕೆಗೆ ಬರುವುದು ಕೆಲವು ವರ್ಷಗಳ ನಂತರ. ಇಂದು ಶಾಲೆಗೆ ಸೇರಿದ ಬಾಲಕನು ಎಂಜಿನಿಯರಾಗಿ ಹೊರಬರಲು ಹದಿನೈದು ವರ್ಷಗಳಾದರೂ ಬೇಕು. ಆದುದರಿಂದ ಮುಂದೆ ಬೇಕಾಗುವುದನ್ನು ಇಂದೇ ಊಹಿಸಿ ನಿರ್ಧರಿಸಬೇಕು. ಆದರೆ ಹಾಗೆ ನಿರ್ಧರಿಸಲು ಅಗತ್ಯವಾದ ಅಂಕಿಅಂಶಗಳಾಗಲಿ ಅನುಭವವಾಗಲಿ ತರಬೇತಿ ಪಡೆದ ಅಧಿಕಾರಿಗಳಾಗಲಿ ಹೊಸ ದೇಶಗಳಲ್ಲಿ ಸಾಕಷ್ಟು ಇರಲಿಲ್ಲ.

ಈ ಕೊರತೆಯನ್ನು ತುಂಬುವ ಉದ್ದೇಶದಿಂದ ವಿಶ್ವಸಂಸ್ಥೆಯು 1949ರಲ್ಲಿ ತಾಂತ್ರಿಕ ನೆರವಿನ ವಿಸ್ತೃತ ಕಾರ್ಯಕ್ರಮವೊಂದನ್ನು ರೂಪಿಸಿತು. ಕೇಳಿದ ದೇಶಗಳಿಗೆ ತಜ್ಞರನ್ನು ಕಳುಹಿಸುವುದು, ಆ ದೇಶಗಳ ಯುವಕರಿಗೆ ತರಬೇತಿ ಕೊಡಿಸುವುದು, ಸಂಪನ್ಮೂಲಗಳ ಸಮೀಕ್ಷೆಗೆ ಸಹಾಯ ಮಾಡುವುದು ಇದರ ಮುಖ್ಯ ಕೆಲಸಗಳು. ಮುಂದೆ 1965ರಲ್ಲಿ ಇದೂ ಇದರ ಜೊತೆಯ ವಿಶೇಷ ನಿಧಿಯೂ ಒಂದುಗೂಡಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವೆಂಬ ಹೆಸರು ತಳೆದವು. ಈ ಬಗೆಯ ನೆರವು ಫಲಿಸುವುದು ಹೇಗೆ, ಅದರ ಮಿತಿಗಳೇನು ಎಂಬುದನ್ನು ತಿಳಿಯಲು ಸಿಂಗಪುರದ ಕಥೆ ಉತ್ತಮ ನಿದರ್ಶನ.

ಸಿಂಗಪುರವು ಮಲಯ ಪರ್ಯಾಯದ್ವೀಪದ ದಕ್ಷಿಣ ತುದಿಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪ. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 580 ಚದರ ಕಿಲೋಮೀಟರು. ಎಂದರೆ ಒಂದು ಸಣ್ಣ ತಾಲ್ಲೂಕಿನಷ್ಟು. ಅಷ್ಟು ನೆಲದಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದರು. ಅಲ್ಲಿ ಗಣಿಗಳಿಲ್ಲ, ವಿಶಾಲವಾದ ಹೊಲಗದ್ದೆಗಳಿಲ್ಲ. ಕುಡಿಯುವ ನೀರಿನ ಬಹುಭಾಗ ನೆರೆಯ ಜೊಹೋರ್ ಪ್ರಾಂತದಿಂದ ಬರಬೇಕಾಗಿತ್ತು. 1819ರಲ್ಲಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಎಂಬ ಆಂಗ್ಲ ಅಧಿಕಾರಿ ಅಲ್ಲಿ ವ್ಯಾಪಾರಕೇಂದ್ರವನ್ನು ಸ್ಥಾಪಿಸಿದಂದಿನಿಂದ ಹಡಗುಗಳ ವ್ಯಾಪಾರವೇ ಅದರ ಜೀವಾಳ. ಸುತ್ತಣ ದೇಶಗಳ ರಬ್ಬರು, ತವರ ಮೊದಲಾದವು ಅಲ್ಲಿಗೆ ಬಂದು ಮತ್ತೆ ಹೊರದೇಶಗಳಿಗೆ ಸಾಗುತ್ತಿದ್ದವು. ಆದರೆ ನೆರೆಯ ದೇಶಗಳು ಸ್ವತಂತ್ರವಾದಂತೆ ತಮ್ಮ ಸರಕನ್ನು ತಮ್ಮ ಬಂದರುಗಳಿಂದಲೇ ಸಾಗಿಸಲು ಬಯಸಿದವು. ಇತ್ತ ಜನಸಂಖ್ಯೆ ಏರುತ್ತಿತ್ತು; ನಿರುದ್ಯೋಗ ಹೆಚ್ಚುತ್ತಿತ್ತು; ಮುಷ್ಕರಗಳು ಮೇಲಿಂದ ಮೇಲೆ ನಡೆಯುತ್ತಿದ್ದವು. ಸಾವಿರಾರು ಕುಟುಂಬಗಳು ಹಲಗೆ ತಗಡುಗಳ ಗುಡಿಸಲುಗಳಲ್ಲಿ ಬದುಕುತ್ತಿದ್ದವು.

1959ರಲ್ಲಿ ಸಿಂಗಪುರಕ್ಕೆ ಆಂತರಿಕ ಸ್ವಯಮಾಡಳಿತ ದೊರೆಯಿತು. ಲೀ ಕುವಾನ್ ಯೂ ಪ್ರಧಾನಮಂತ್ರಿಗಳಾದರು; ಅರ್ಥಶಾಸ್ತ್ರಜ್ಞರಾದ ಗೋ ಕೆಂಗ್ ಸ್ವೀ ಹಣಕಾಸಿನ ಮಂತ್ರಿಗಳಾದರು. ವ್ಯಾಪಾರವೊಂದನ್ನೇ ನಂಬಿ ಜನರಿಗೆ ಅನ್ನ ಒದಗಿಸಲಾಗದು, ಕೈಗಾರಿಕೆ ಬೆಳೆಯಲೇಬೇಕು ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಆದರೆ ಯಾವ ಕೈಗಾರಿಕೆ, ಎಲ್ಲಿ, ಯಾರ ಬಂಡವಾಳದಿಂದ? ಈ ಪ್ರಶ್ನೆಗಳನ್ನು ಮುಂದಿಟ್ಟು ಸರ್ಕಾರವು ವಿಶ್ವಸಂಸ್ಥೆಯ ನೆರವನ್ನು ಕೋರಿತು.

1960ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಸಮೀಕ್ಷಾ ನಿಯೋಗವೊಂದು ಸಿಂಗಪುರಕ್ಕೆ ಬಂದಿತು. ಅದರ ನಾಯಕರು ಡಾ. ಆಲ್ಬರ್ಟ್ ವಿನ್ಸೆಮಿಯಸ್. 1910ರಲ್ಲಿ ನೆದರ್ಲೆಂಡಿನ ಲೇವಾರ್ಡೆನ್ ಪಟ್ಟಣದಲ್ಲಿ ಜನಿಸಿದ ಇವರು, ಯುದ್ಧದಿಂದ ಜರ್ಜರಿತವಾಗಿದ್ದ ತಮ್ಮ ದೇಶದ ಕೈಗಾರಿಕೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಕಾರ್ಯದಲ್ಲಿ ಹಿರಿಯ ಅಧಿಕಾರಿಯಾಗಿ ದುಡಿದವರು. ನೆದರ್ಲೆಂಡೂ ಬಂದರು ವ್ಯಾಪಾರಗಳನ್ನು ನೆಚ್ಚಿದ ಚಿಕ್ಕ ದೇಶವೇ. ಆದುದರಿಂದ ಸಿಂಗಪುರದ ಸಮಸ್ಯೆ ಅವರಿಗೆ ಅಪರಿಚಿತವಾಗಿರಲಿಲ್ಲ. ಚೀನಾ ಮೂಲದ ಎಂಜಿನಿಯರ್ ಐ. ಎಫ್. ಟ್ಯಾಂಗ್ ನಿಯೋಗದ ಕಾರ್ಯದರ್ಶಿಗಳಾಗಿದ್ದರು.

ನಿಯೋಗವು ತನ್ನ ವರದಿಯನ್ನು 1961ರ ಜೂನ್ ತಿಂಗಳಲ್ಲಿ ಒಪ್ಪಿಸಿತು. ಸಿಂಗಪುರದಲ್ಲಿ ಖನಿಜಗಳಿಲ್ಲದಿದ್ದರೂ ಬೇಗ ಕಲಿಯಬಲ್ಲ ಕುಶಲ ಕೈಗಳಿವೆ ಎಂಬುದನ್ನು ಅದು ಗುರುತಿಸಿತು. ಹಡಗು ನಿರ್ಮಾಣ ಮತ್ತು ದುರಸ್ತಿ, ಲೋಹದ ಕೆಲಸ, ರಾಸಾಯನಿಕಗಳು, ವಿದ್ಯುತ್ ಸಲಕರಣೆಗಳು ಮುಂತಾದ ಉದ್ಯಮಗಳು ಅಲ್ಲಿಗೆ ಹೊಂದುವುವೆಂದು ಸೂಚಿಸಿತು. ಹೊರಗಿನ ಉದ್ಯಮಿಗಳಿಗೆ ನೆಲ, ನೀರು, ವಿದ್ಯುತ್ತು, ಪರವಾನಗಿ ಎಲ್ಲವೂ ಒಂದೇ ಕಡೆಯಲ್ಲಿ ದೊರೆಯುವಂತೆ ಪ್ರತ್ಯೇಕ ಸಂಸ್ಥೆಯೊಂದು ಬೇಕೆಂದು ಹೇಳಿತು. ಅದರಂತೆ 1961ರ ಆಗಸ್ಟ್ 1ರಂದು ಆರ್ಥಿಕಾಭಿವೃದ್ಧಿ ಮಂಡಲಿ ಸ್ಥಾಪನೆಗೊಂಡಿತು; ಅದಕ್ಕೆ ಅಲ್ಲಿಯ ನಾಣ್ಯದ 10 ಕೋಟಿ ಡಾಲರುಗಳನ್ನು ತೆಗೆದಿಡಲಾಯಿತು. ವರದಿ ಕೈಸೇರಿದ ಎರಡು ತಿಂಗಳೊಳಗೆ ಅದರ ಮುಖ್ಯ ಸಲಹೆ ಕಾರ್ಯರೂಪಕ್ಕೆ ಬಂದಿತೆಂಬುದು ಗಮನಾರ್ಹ. ವರದಿಗಳು ಕಪಾಟಿನಲ್ಲಿ ಧೂಳು ಹಿಡಿಯುವುದು ಎಲ್ಲ ದೇಶಗಳಿಗೂ ಪರಿಚಿತವಾದ ಸಂಗತಿ, ಇಲ್ಲಿ ಹಾಗಾಗಲಿಲ್ಲ.

ಲಿಖಿತ ವರದಿಯ ಜೊತೆಗೆ ವಿನ್ಸೆಮಿಯಸ್ಸರು ಪ್ರಧಾನಮಂತ್ರಿಗಳಿಗೆ ಬಾಯಿಮಾತಿನಲ್ಲಿ ಎರಡು ಸಲಹೆಗಳನ್ನು ನೀಡಿದರು. ಅವುಗಳಲ್ಲೊಂದು ರಾಫಲ್ಸನ ಪ್ರತಿಮೆಯನ್ನು ಕುರಿತದ್ದು. ಪರಾಧೀನತೆಯ ಗುರುತುಗಳನ್ನು ಕಿತ್ತೆಸೆಯುವುದು ಹೊಸ ರಾಷ್ಟ್ರಗಳಲ್ಲಿ ಸಾಮಾನ್ಯವಾಗಿದ್ದ ಕಾಲ ಅದು. ಆದರೆ ಪ್ರತಿಮೆಯನ್ನು ಇದ್ದಲ್ಲಿಯೇ ಬಿಡಬೇಕೆಂದು ಅವರು ಹೇಳಿದರು. ಬಂಡವಾಳ ಹೂಡಬಯಸುವ ಹೊರನಾಡಿನವರು ಅದನ್ನು ನೋಡಿ, ಈ ದೇಶ ಹಿಂದಿನದನ್ನು ಹಗೆಯಿಂದ ಅಳಿಸಿಹಾಕುವ ದೇಶವಲ್ಲವೆಂದು ಧೈರ್ಯ ತಾಳುವರೆಂಬುದು ಅವರ ಎಣಿಕೆ. ಸರ್ಕಾರ ಒಪ್ಪಿತು. ಇನ್ನೊಂದು ಸಲಹೆ ಕಠೋರವಾದುದು: ಕಮ್ಯೂನಿಸ್ಟರ ಪ್ರಾಬಲ್ಯವನ್ನು ಕೊನೆಗಾಣಿಸದೆ ಕೈಗಾರಿಕೆ ಬೆಳೆಯದು ಎಂಬುದು. 1963ರ ಫೆಬ್ರುವರಿಯಲ್ಲಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿರಿಸಲಾಯಿತು. ಆ ಕ್ರಮಕ್ಕೆ ರಾಜಕೀಯ ಕಾರಣಗಳು ಹಲವಿದ್ದವು. ಅದು ನ್ಯಾಯವೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅಭಿವೃದ್ಧಿಯ ಲೆಕ್ಕದಲ್ಲಿ ಇಂತಹ ಬೆಲೆಯನ್ನೂ ಬರೆದಿಡಬೇಕಾಗುತ್ತದೆ.

ದ್ವೀಪದ ಪಶ್ಚಿಮದಲ್ಲಿ ಜುರಾಂಗ್ ಎಂಬ ಜೌಗುಪ್ರದೇಶವಿತ್ತು. ಅಲ್ಲಿಯ ಗುಡ್ಡಗಳನ್ನು ಕಡಿದು, ಜೌಗನ್ನು ತುಂಬಿ, ಕೈಗಾರಿಕಾ ವಸಾಹತನ್ನು ನಿರ್ಮಿಸುವ ಕಾರ್ಯ ಆರಂಭವಾಯಿತು. ರಸ್ತೆಗಳಾದವು, ನಿವೇಶನಗಳಾದವು. ಆದರೆ ಕಾರ್ಖಾನೆಗಳು ಬೇಗ ಬರಲಿಲ್ಲ. ಜನರು ಅದನ್ನು ಗೋ ಅವರ ಹುಚ್ಚು ಸಾಹಸವೆಂದು ಹಾಸ್ಯಮಾಡಿದರು. 1963ರಲ್ಲಿ ಅಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಕೆಲಸ ಆರಂಭಿಸಿತು. ಆ ದಶಕದ ಕೊನೆಯ ಹೊತ್ತಿಗೆ ಖಾಲಿ ನಿವೇಶನಗಳು ತುಂಬುತ್ತ ಬಂದವು. 1968ರಲ್ಲಿ ವಸಾಹತುಗಳ ನಿರ್ವಹಣೆಗೆಂದೇ ಬೇರೊಂದು ನಿಗಮವನ್ನು ರಚಿಸಬೇಕಾಯಿತು.

ಈ ನಡುವೆ ಎರಡು ದೊಡ್ಡ ಆಘಾತಗಳು ಬಂದೊದಗಿದವು. ಮೊದಲಿನ ವರದಿಯು ಮಲಯದೊಡನೆ ಸಮಾನ ಮಾರುಕಟ್ಟೆ ದೊರೆಯುವುದೆಂಬ ನಿರೀಕ್ಷೆಯನ್ನು ಆಧರಿಸಿತ್ತು. 1963ರಲ್ಲಿ ಸಿಂಗಪುರವು ಮಲೇಷ್ಯ ಒಕ್ಕೂಟವನ್ನು ಸೇರಿತು; ಆದರೆ 1965ರ ಆಗಸ್ಟ್ 9ರಂದು ಅದರಿಂದ ಬೇರ್ಪಟ್ಟಿತು. ನೆಚ್ಚಿದ ಮಾರುಕಟ್ಟೆ ಕೈತಪ್ಪಿತು. ಹಳೆಯ ವರದಿಯನ್ನೇ ವೇದವಾಕ್ಯವೆಂದು ಹಿಡಿದಿದ್ದರೆ ಅನರ್ಥವಾಗುತ್ತಿತ್ತು. ನೆರೆಯ ಮಾರುಕಟ್ಟೆಯ ಆಸೆ ಬಿಟ್ಟು ಇಡೀ ಜಗತ್ತಿಗೆ ಸರಕು ತಯಾರಿಸಬೇಕೆಂದು ಸಲಹೆಗಾರರೂ ಸರ್ಕಾರವೂ ಧೋರಣೆಯನ್ನು ಬದಲಾಯಿಸಿಕೊಂಡರು. ಇದಾಗಿ ಮೂರು ವರ್ಷ ತುಂಬುವ ಮೊದಲೇ, 1968ರ ಜನವರಿಯಲ್ಲಿ, ಬ್ರಿಟನ್ನು ತನ್ನ ಸೇನಾನೆಲೆಗಳನ್ನು 1971ರ ಅಂತ್ಯದೊಳಗೆ ತೆರವು ಮಾಡುವುದಾಗಿ ಘೋಷಿಸಿತು. ಆ ನೆಲೆಗಳ ವೆಚ್ಚದಿಂದ ಸಿಂಗಪುರದ ಒಟ್ಟು ಉತ್ಪನ್ನದ ಸುಮಾರು ಐದನೆಯ ಒಂದು ಪಾಲು ಹುಟ್ಟುತ್ತಿತ್ತು. ಸೆಂಬವಾಂಗಿನಲ್ಲಿದ್ದ ನೌಕಾಪಡೆಯ ಹಡಗುಕಟ್ಟೆಯನ್ನು ಸರಕುಹಡಗುಗಳ ದುರಸ್ತಿಗೆ ಮೀಸಲಾದ ಉದ್ಯಮವನ್ನಾಗಿ ಮಾರ್ಪಡಿಸಲಾಯಿತು. ವಿದ್ಯುನ್ಮಾನ ಉಪಕರಣಗಳನ್ನು ತಯಾರಿಸುವ ವಿದೇಶೀ ಕಂಪೆನಿಗಳನ್ನು ಹುಡುಕಿ ಕರೆತರಲಾಯಿತು.

ಅದೇ 1968ರಲ್ಲಿ ಇನ್ನೊಂದು ಸಲಹೆಯೂ ಫಲಕೊಟ್ಟಿತು. ಭೂಮಿಯ ತಿರುಗುವಿಕೆಯಿಂದ ಹಗಲು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದಷ್ಟೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬ್ಯಾಂಕುಗಳು ಮುಚ್ಚಿದ ಮೇಲೆ ಯೂರೋಪಿನ ಬ್ಯಾಂಕುಗಳು ತೆರೆಯುವವರೆಗೆ ಹಣದ ವಹಿವಾಟಿನಲ್ಲಿ ತೆರಪೊಂದಿತ್ತು. ಭೂಗೋಳದಲ್ಲಿ ಸಿಂಗಪುರ ನಿಂತಿರುವುದು ಆ ತೆರಪನ್ನು ತುಂಬಬಲ್ಲ ಸ್ಥಾನದಲ್ಲಿ. ಇದನ್ನು ಮನಗಂಡು ಅಲ್ಲಿ ಏಷ್ಯದ ಡಾಲರ್ ಮಾರುಕಟ್ಟೆಯನ್ನು ತೆರೆಯಲಾಯಿತು. ಗಣಿಯಿಲ್ಲದ ನಾಡಿಗೆ ಹಗಲಿರುಳುಗಳ ಅಂತರವೇ ಗಣಿಯಾಯಿತು.

ವಿನ್ಸೆಮಿಯಸ್ಸರು 1961ರಿಂದ 1984ರವರೆಗೆ ಸಿಂಗಪುರದ ಪ್ರಧಾನ ಆರ್ಥಿಕ ಸಲಹೆಗಾರರಾಗಿದ್ದರು. ಅವರು ಅಲ್ಲಿ ನೆಲೆಸಲಿಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಬಂದು ಹೋಗುತ್ತಿದ್ದರು. ಪ್ರಯಾಣ ವಸತಿಗಳ ವೆಚ್ಚವನ್ನುಳಿದು ಸಂಬಳ ಪಡೆಯಲಿಲ್ಲ. ಬಂದಾಗಲೆಲ್ಲ ಅಂಕಿಅಂಶಗಳನ್ನು ಓದಿ, ಉದ್ಯಮಗಳ ಮುಖ್ಯಸ್ಥರನ್ನೂ ಕಾರ್ಮಿಕ ಸಂಘಗಳ ನಾಯಕರನ್ನೂ ಕಂಡು, ಅವರವರ ಕಷ್ಟಗಳನ್ನು ಕೇಳಿಕೊಂಡು, ಅನಂತರವೇ ಮಂತ್ರಿಗಳೊಡನೆ ಮಾತನಾಡುತ್ತಿದ್ದರು. ತಾವು ಹೇಳಿದ್ದರ ಫಲವೇನಾಯಿತೆಂದು ಮರುಸಲ ಬಂದು ನೋಡಬೇಕಾಗಿದ್ದುದರಿಂದ ಅವರ ಮಾತಿಗೆ ಹೊಣೆಯ ತೂಕವಿತ್ತು.

ಆದರೆ ಸಲಹೆಯೊಂದರಿಂದಲೇ ದೇಶ ಬೆಳೆಯಿತೆಂದು ತಿಳಿಯುವುದು ಸರಿಯಲ್ಲ. ತೀರ್ಮಾನಗಳನ್ನು ಕೈಗೊಂಡವರು ಆ ದೇಶದ ಮಂತ್ರಿಗಳು. ಅವನ್ನು ನಡೆಸಿದವರು ಆರ್ಥಿಕಾಭಿವೃದ್ಧಿ ಮಂಡಲಿಯ ಪ್ರಥಮ ಅಧ್ಯಕ್ಷರಾದ ಹೋನ್ ಸುಯಿ ಸೆನ್ ಅವರಂತಹ ದಕ್ಷ ಅಧಿಕಾರಿಗಳು. ಯಂತ್ರಗಳ ಮುಂದೆ ನಿಂತು ದುಡಿದವರು ಸಾಮಾನ್ಯ ಕೆಲಸಗಾರರು. 1968ರ ಕಾರ್ಮಿಕ ಕಾನೂನುಗಳು ಅವರ ಸಂಘಗಳ ಅಧಿಕಾರವನ್ನು ಬಹಳಮಟ್ಟಿಗೆ ಮೊಟಕುಗೊಳಿಸಿದವು. ಏಳಿಗೆಯ ಭಾರವನ್ನು ಅವರೂ ಹೊತ್ತರು. ಇವರೆಲ್ಲರ ಪ್ರಯತ್ನದಿಂದ 1960ರಲ್ಲಿ ತಲೆಗೆ ಸುಮಾರು 430 ಅಮೆರಿಕನ್ ಡಾಲರುಗಳಷ್ಟಿದ್ದ ವಾರ್ಷಿಕ ಉತ್ಪನ್ನ 1984ರ ಹೊತ್ತಿಗೆ 7,000 ಡಾಲರುಗಳನ್ನು ಮೀರಿತು.

ತಜ್ಞರ ತಿಳಿವಳಿಕೆಗೂ ಎಡವುವ ಸಂಭವವುಂಟು. 1979ರಿಂದ ಸಿಂಗಪುರವು ಕಡಿಮೆ ಕೂಲಿಯ ಉದ್ಯಮಗಳನ್ನು ಬಿಟ್ಟು ಹೆಚ್ಚು ಕೌಶಲದ ಉದ್ಯಮಗಳತ್ತ ಸಾಗಲೆಂದು ವೇತನಗಳನ್ನು ಉದ್ದೇಶಪೂರ್ವಕವಾಗಿ ಏರಿಸುವ ನೀತಿಯನ್ನು ಅನುಸರಿಸಿತು. ಗುರಿ ಒಳ್ಳೆಯದಾಗಿತ್ತು. ಆದರೆ ವೇತನವು ಉತ್ಪಾದನೆಯನ್ನು ಮೀರಿ ಏರಿತು. ಹೊರಗಿನ ಬೇಡಿಕೆಯೂ ಕುಗ್ಗಿದಾಗ, 1985ರಲ್ಲಿ, ಸ್ವತಂತ್ರ ಸಿಂಗಪುರವು ಮೊದಲ ಬಾರಿಗೆ ಆರ್ಥಿಕ ಹಿಂಜರಿತವನ್ನು ಕಂಡಿತು. ಸರ್ಕಾರವು ಸಮಿತಿಯೊಂದನ್ನು ನೇಮಿಸಿ ಕಾರಣಗಳನ್ನು ಹುಡುಕಿಸಿತು. 1986ರಲ್ಲಿ ಭವಿಷ್ಯನಿಧಿಗೆ ಮಾಲಿಕರು ಸಲ್ಲಿಸಬೇಕಾದ ವಂತಿಗೆಯನ್ನು ವೇತನದ ಶೇಕಡಾ 25ರಿಂದ 10ಕ್ಕೆ ಇಳಿಸಲಾಯಿತು. ಈ ಬಾರಿ ರೋಗವನ್ನು ಪರೀಕ್ಷಿಸಿ ಮದ್ದು ಹೇಳಿದವರು ಆ ದೇಶದವರೇ. ಕಾಲು ಶತಮಾನದಲ್ಲಿ ಸಿಂಗಪುರ ಗಳಿಸಿದ ಸಂಪತ್ತಿನಲ್ಲಿ ಈ ಸಾಮರ್ಥ್ಯವೂ ಸೇರಿತ್ತು.

ಸಲಹೆಯ ನೆರವು ಸಾರ್ಥಕವಾಗುವ ಬಗೆ ಇದರಿಂದ ತಿಳಿದುಬರುತ್ತದೆ. ಸಲಹೆಯನ್ನು ಕೇಳುವ ದೇಶಕ್ಕೆ ತನ್ನ ಸಮಸ್ಯೆಯೇನೆಂಬುದು ಮೊದಲು ಗೊತ್ತಿರಬೇಕು. ಕೊಡುವವನು ತನ್ನ ದೇಶದ ಅಚ್ಚಿನಲ್ಲಿ ಅದನ್ನು ಎರಕಹೊಯ್ಯಲು ಹೋಗದೆ ಆ ನೆಲದ ಸ್ಥಿತಿಗತಿಗಳನ್ನು ಅರಿಯಬೇಕು. ಮಾತು ನಿರ್ಧಾರಕ್ಕೆ ಮುಂಚೆ ಬರಬೇಕು; ಸನ್ನಿವೇಶ ಬದಲಾದಾಗ ಅದೂ ಬದಲಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹೊರಗಿನ ಜ್ಞಾನವು ಒಳಗಿನವರ ಸ್ವಂತ ಜ್ಞಾನವಾಗಿ ಬೇರೂರಬೇಕು. ಹಾಗಾಗದಿದ್ದರೆ ದೇಶವು ಆಳುವವರ ಹಿಡಿತದಿಂದ ಬಿಡಿಸಿಕೊಂಡು ಸಲಹೆಗಾರರ ಹಿಡಿತಕ್ಕೆ ಸಿಕ್ಕಿದಂತಾಗುತ್ತದೆ.

ವಿನ್ಸೆಮಿಯಸ್ಸರು 1996ರ ಡಿಸೆಂಬರಿನಲ್ಲಿ ನಿಧನರಾದರು. ಅಷ್ಟರಲ್ಲಿ ಸಲಹೆಯ ಪ್ರವಾಹ ದಿಕ್ಕು ಬದಲಿಸಿತ್ತು. 1985ರಲ್ಲಿ ಚೀನಾ ದೇಶವು ತನ್ನ ಕರಾವಳಿ ಪ್ರದೇಶಗಳ ಅಭಿವೃದ್ಧಿಗೆ ಸಲಹೆ ನೀಡುವಂತೆ ಗೋ ಕೆಂಗ್ ಸ್ವೀ ಅವರನ್ನು ಆಹ್ವಾನಿಸಿತು. 1992ರಲ್ಲಿ ಸಿಂಗಪುರವು ಇತರ ಅಭಿವೃದ್ಧಿಶೀಲ ದೇಶಗಳ ಅಧಿಕಾರಿಗಳಿಗೆ ತರಬೇತಿ ನೀಡುವ ಸಹಕಾರ ಕಾರ್ಯಕ್ರಮವನ್ನು ಆರಂಭಿಸಿತು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲ ದೀಪದ ಬೆಳಕು ಕುಂದುವುದಿಲ್ಲ. ಆದರೆ ಹಣತೆಯಲ್ಲಿ ಎಣ್ಣೆಯನ್ನೂ ಬತ್ತಿಯನ್ನೂ ಮೊದಲೇ ಅಣಿಮಾಡಿಟ್ಟುಕೊಂಡಿರಬೇಕು. ಆ ಸಿದ್ಧತೆ ಪ್ರತಿಯೊಂದು ರಾಷ್ಟ್ರವೂ ತನಗೆ ತಾನೇ ಮಾಡಿಕೊಳ್ಳಬೇಕಾದ ಕೆಲಸ.