ತಾರೆ ಹೋದರೆ ನಾಲ್ಕು ಗೆಲುವು, ಸಾಲು ಹೋದರೆ ಇಡೀ ಋತು

2024ರ ಜುಲೈ 6ರಂದು ಮ್ಯಾಕ್ಲಿನ್ ಸೆಲೆಬ್ರಿನಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸ್ಯಾನ್ ಹೋಸೆ ಶಾರ್ಕ್ಸ್ ತಂಡದ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಅವರಿಗೆ 18 ವರ್ಷ. ಬಾಸ್ಟನ್ ಯೂನಿವರ್ಸಿಟಿಯ ತಂಡಕ್ಕೆ ಅವರು ಆಡಿದ್ದು ಒಂದೇ ವರ್ಷ: 38 ಪಂದ್ಯ, 32 ಗೋಲು, 32 ಅಸಿಸ್ಟ್. ಐಸ್ ಹಾಕಿಯಲ್ಲಿ ಗೋಲಿಗೂ ಗೋಲು ಹೊಡೆಯಲು ನೆರವಾದ ಪಾಸಿಗೂ ತಲಾ ಒಂದು ಪಾಯಿಂಟ್. ಹಾಗಾಗಿ ಅವರ ಲೆಕ್ಕ 64 ಪಾಯಿಂಟ್. ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿಯನ್ನು ಆ ವರ್ಷ ಗೆದ್ದಾಗ ಅವರಿಗೆ ಇನ್ನೂ 17. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪ್ರಶಸ್ತಿ ಅದುವರೆಗೆ ಯಾರಿಗೂ ಬಂದಿರಲಿಲ್ಲ.

ಹೋದವರು ಅವರೊಬ್ಬರೇ ಅಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿಯದೇ ರಕ್ಷಣಾ ಆಟಗಾರ ಲೇನ್ ಹಟ್ಸನ್ ಮಾಂಟ್ರಿಯಲ್ ತಂಡ ಸೇರಿದ್ದರು. ಅವರದು 38 ಪಂದ್ಯಗಳಲ್ಲಿ 49 ಪಾಯಿಂಟ್. ಇಬ್ಬರದೂ ಕೂಡಿಸಿದರೆ ತಂಡ ಕಳೆದುಕೊಂಡದ್ದು 113 ಪಾಯಿಂಟ್. ಇಂಥ ಸುದ್ದಿ ಬಂದಾಗಲೆಲ್ಲ ಕಾಲೇಜು ಹಾಕಿಯ ಅಭಿಮಾನಿಗಳು ಮುಂದಿನ ವರ್ಷ ಮುಗಿದೇ ಹೋಯಿತು ಎಂದು ಕೈಚೆಲ್ಲುತ್ತಾರೆ. ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಷ್ಟ ನಿಜ, ಆದರೆ ಅದಕ್ಕೊಂದು ಅಳತೆ ಇದೆ.

ಮೊದಲು ಹಣದ ಮಾತು. 2024ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯಲ್ಲಿ, ಆಯ್ಕೆಯಾದ ಆಟಗಾರನ ಮೊದಲ ಒಪ್ಪಂದಕ್ಕೆ ಎನ್‌ಎಚ್‌ಎಲ್ ನಿಯಮದ ಪ್ರಕಾರ ಗರಿಷ್ಠ ಮೂಲ ಸಂಬಳ ವರ್ಷಕ್ಕೆ 9,75,000 ಡಾಲರ್. ಆಗಿನ ದರದಲ್ಲಿ ಅದು ಸುಮಾರು 8 ಕೋಟಿ ರೂಪಾಯಿ. ಒಪ್ಪಂದದ ಅವಧಿ ಮೂರು ವರ್ಷ. ಕಾಲೇಜಿನಲ್ಲೇ ಉಳಿದರೆ ಆಗ ಸಿಗುತ್ತಿದ್ದುದು ಮುಖ್ಯವಾಗಿ ವಿದ್ಯಾರ್ಥಿವೇತನ. ಬಾಸ್ಟನ್ ಯೂನಿವರ್ಸಿಟಿಯಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ 2024-25ರಲ್ಲಿ ವರ್ಷದ ಖರ್ಚು 90,000 ಡಾಲರ್ ದಾಟಿತ್ತು, ಅಂದರೆ ಸುಮಾರು 75 ಲಕ್ಷ ರೂಪಾಯಿ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೂ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರ. ಜೊತೆಗೆ ಕಾಲಿಗೋ ಭುಜಕ್ಕೋ ಪೆಟ್ಟು ಬಿದ್ದು ಎಲ್ಲ ಕೈತಪ್ಪುವ ಭಯವೂ ಇರುತ್ತದೆ. ಹೋಗುವ ಹುಡುಗನನ್ನು ದೂರುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ. ಆದರೆ ಅವನು ಹೋದಾಗ ಕಾಲೇಜಿಗೆ ವರ್ಗಾವಣೆ ಶುಲ್ಕವೆಂದು ಒಂದು ಡಾಲರ್ ಕೂಡ ಬರುವುದಿಲ್ಲ. ಡ್ರಾಫ್ಟ್ ಮುಗಿಯುವುದು ಜೂನ್ ಕೊನೆಗೆ, ಆಟ ಶುರುವಾಗುವುದು ಅಕ್ಟೋಬರ್ ಮೊದಲ ವಾರಗಳಲ್ಲಿ. ನಡುವಿನ ಮೂರು ತಿಂಗಳಲ್ಲಿ 64 ಪಾಯಿಂಟ್ ತರುವ ಇನ್ನೊಬ್ಬ ಎಲ್ಲೂ ಖಾಲಿ ಕೂತಿರುವುದಿಲ್ಲ.

ಇನ್ನು ಫಲಿತಾಂಶ. ಬೇಗ ಹೊರಟ ತಾರೆಯರ ನಾಲ್ಕು ಪ್ರಕರಣಗಳನ್ನು ಆರಿಸಿದ್ದೇನೆ. ಗೆಲುವು-ಸೋಲು-ಡ್ರಾ ಕ್ರಮದಲ್ಲಿ ಅಂಕಿ ಕೊಟ್ಟು, ಡ್ರಾ ಅನ್ನು ಅರ್ಧ ಗೆಲುವೆಂದು ಹಿಡಿದು ಶೇಕಡಾವಾರು ತೆಗೆದಿದ್ದೇನೆ.

| ತಂಡ | ಹೋದ ತಾರೆ, ಪಾಯಿಂಟ್ | ಇದ್ದ ವರ್ಷ | ಮರುವರ್ಷ |
|---|---|---|---|
| ಬಾಸ್ಟನ್ ಯೂನಿವರ್ಸಿಟಿ, 2015 | ಜ್ಯಾಕ್ ಐಕೆಲ್, 71 | 28-8-5 (74.4) | 21-13-5 (60.3) |
| ಮಿಶಿಗನ್, 2023 | ಆ್ಯಡಮ್ ಫ್ಯಾಂಟಿಲಿ, 65 | 26-12-3 (67.1) | 23-15-3 (59.8) |
| ಬಾಸ್ಟನ್ ಯೂನಿವರ್ಸಿಟಿ, 2024 | ಸೆಲೆಬ್ರಿನಿ, 64 | 28-10-2 (72.5) | 24-14-2 (62.5) |
| ಬಾಸ್ಟನ್ ಕಾಲೇಜು, 2024 | ವಿಲ್ ಸ್ಮಿತ್, 71, ಕಟರ್ ಗೋತಿಯೆ, 65 | 34-6-1 (84.1) | 27-8-2 (75.7) |

ನಾಲ್ಕೂ ಕಡೆ ಇಳಿಕೆ ಇದೆ. ಅತಿ ಕಡಿಮೆ ಎಂದರೆ 7 ಅಂಶ, ಅತಿ ಹೆಚ್ಚು 14, ಸರಾಸರಿ 10. ನಲವತ್ತು ಪಂದ್ಯಗಳ ಋತುವಿನಲ್ಲಿ 10 ಅಂಶ ಎಂದರೆ ನಾಲ್ಕು ಗೆಲುವು. ಈ ನಾಲ್ಕು ಗೆಲುವಿನ ನಷ್ಟವನ್ನೂ ಪೂರ್ತಿಯಾಗಿ ತಾರೆಯ ತಲೆಗೆ ಕಟ್ಟುವಂತಿಲ್ಲ, ಏಕೆಂದರೆ ಪ್ರತಿ ಸಲವೂ ಬೇರೆಯವರು ಜೊತೆಯಲ್ಲೇ ಹೋಗಿದ್ದಾರೆ. ಫ್ಯಾಂಟಿಲಿ ಹೋದ ವರ್ಷವೇ 48 ಪಾಯಿಂಟ್‌ನ ಲ್ಯೂಕ್ ಹ್ಯೂಸ್ ಹೊರಟರು. ಐಕೆಲ್ ಹೋದ ವರ್ಷ 61 ಪಾಯಿಂಟ್‌ನ ಇವಾನ್ ರೊಡ್ರಿಗಸ್ ನಾಲ್ಕು ವರ್ಷದ ಅವಧಿ ಮುಗಿಸಿದರು.

ನಾಲ್ಕು ಗೆಲುವು ಕೇಳಲು ಸಣ್ಣದು, ಆದರೆ ಅದರ ಬೆಲೆ ಮಾರ್ಚ್‌ನಲ್ಲಿ ಗೊತ್ತಾಗುತ್ತದೆ. ಮೊದಲ ದರ್ಜೆಯ ಅರವತ್ತಕ್ಕೂ ಹೆಚ್ಚು ಪುರುಷರ ತಂಡಗಳಲ್ಲಿ ರಾಷ್ಟ್ರೀಯ ಟೂರ್ನಿಗೆ ಬರುವುದು 16. ನಾಲ್ಕು ವಲಯ, ವಲಯಕ್ಕೆ ನಾಲ್ಕು ತಂಡ, ಒಂದರಿಂದ ನಾಲ್ಕರವರೆಗೆ ಶ್ರೇಯಾಂಕ. ಒಂದು ಪಂದ್ಯ ಸೋತರೆ ಮನೆಗೆ. ಐಕೆಲ್ ಇದ್ದಾಗ ಬಾಸ್ಟನ್ ಯೂನಿವರ್ಸಿಟಿ ವಲಯದ ಮೊದಲ ಶ್ರೇಯಾಂಕದ ತಂಡ, ಮರುವರ್ಷ ಮೂರನೆಯದು. ಆಗ ಮೊದಲ ಪಂದ್ಯದಲ್ಲೇ ಡೆನ್ವರ್ ಎದುರು 7-2ರಿಂದ ಸೋತಿತು. ಮಿಶಿಗನ್ ಕೂಡ ಒಂದರಿಂದ ಮೂರಕ್ಕೆ ಇಳಿಯಿತು. ಸೆಲೆಬ್ರಿನಿ ಹೋದ ಮೇಲೆ ಬಾಸ್ಟನ್ ಯೂನಿವರ್ಸಿಟಿ ಒಂದರಿಂದ ಎರಡಕ್ಕೆ ಬಂತು. ಬಾಸ್ಟನ್ ಕಾಲೇಜು ಮಾತ್ರ 136 ಪಾಯಿಂಟ್ ಕಳೆದುಕೊಂಡೂ ಇಡೀ ಟೂರ್ನಿಯ ಮೊದಲ ಶ್ರೇಯಾಂಕವನ್ನು ಉಳಿಸಿಕೊಂಡಿತು.

ಇದಕ್ಕೆ ಕಾರಣ ಹುಡುಕಿದರೆ ಕಣ್ಣು ಹೋಗುವುದು ಗೋಲ್‌ಕೀಪರ್ ಕಡೆಗೆ. ಬಾಸ್ಟನ್ ಕಾಲೇಜಿನ ಜೇಕಬ್ ಫೌಲರ್ ಎರಡನೇ ವರ್ಷವೂ ಉಳಿದರು. ದಾಳಿಯಲ್ಲಿ ರಯಾನ್ ಲೆನರ್ಡ್ 37 ಪಂದ್ಯಗಳಲ್ಲಿ 30 ಗೋಲು ಹೊಡೆದದ್ದು ನಿಜ, ಆದರೆ ಹಿಂದೆ ಫೌಲರ್ ಇರದಿದ್ದರೆ ಆ ಗೋಲುಗಳು ಅಷ್ಟು ಗೆಲುವಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. 2015ರ ಬಾಸ್ಟನ್ ಯೂನಿವರ್ಸಿಟಿ ಇದಕ್ಕೆ ತದ್ವಿರುದ್ಧ. ಆ ವರ್ಷ ಏಪ್ರಿಲ್ 11ರಂದು ನಡೆದ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ, ಪ್ರಾವಿಡೆನ್ಸ್ ಎದುರು 3-2ರ ಮುನ್ನಡೆ ಇದ್ದಾಗ, ಕೊನೆಯ ಅವಧಿಯ ಸುಮಾರು ಎಂಟೂವರೆ ನಿಮಿಷ ಬಾಕಿ ಇತ್ತು. ದೂರದಿಂದ ಬಂದ ಸುಲಭದ ಪಕ್ ಗೋಲ್‌ಕೀಪರ್ ಮ್ಯಾಟ್ ಓ'ಕಾನರ್ ಕೈಗವಸಿಗೆ ಬಂದು, ಅಲ್ಲಿಂದ ಜಾರಿ ಕಾಲಿನ ಸಂದಿಯಲ್ಲಿ ಗೋಲಿನೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬ್ರ್ಯಾಂಡನ್ ಟಾನೆವ್ ಹೊಡೆದ ಗೋಲಿನಿಂದ ಪ್ರಾವಿಡೆನ್ಸ್ 4-3ರಿಂದ ಗೆದ್ದಿತು. ಜನ ಆ ಒಂದು ಕ್ಷಣವನ್ನೇ ನೆನಪಿಟ್ಟುಕೊಂಡಿದ್ದಾರೆ. ಅದೇ ಓ'ಕಾನರ್ ಆ ಋತುವಿನಲ್ಲಿ 25 ಗೆದ್ದು 4 ಮಾತ್ರ ಸೋತಿದ್ದರು. ಫೈನಲ್ ಆದ ಮೇಲೆ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿ ಹೊರಟರು. ನಾಲ್ಕು ಪ್ರಕರಣಗಳಲ್ಲಿ ಅತಿ ದೊಡ್ಡ ಇಳಿಕೆ, 14 ಅಂಶ, ಆ ತಂಡದ್ದೇ. ಐಕೆಲ್ ಹೆಸರು ಎಲ್ಲರ ಬಾಯಲ್ಲಿತ್ತು, ಗೋಲ್‌ಕೀಪರ್ ಹೋದದ್ದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳುವ ಅಂಕಿಗಳು ಇರುವುದು ಮಿಶಿಗನ್‌ನಲ್ಲಿ. ಫ್ಯಾಂಟಿಲಿ ಹೋದ ಮೇಲೆ ಆ ಜಾಗವನ್ನು ಹೊರಗಿನಿಂದ ಬಂದ ಒಬ್ಬ ತುಂಬಲಿಲ್ಲ, ಉಳಿದವರು ಹಂಚಿಕೊಂಡು ತುಂಬಿದರು. ಹಿಂದಿನ ವರ್ಷ ರಟ್ಗರ್ ಮೆಕ್‌ಗ್ರೋರ್ಟಿ 39, ಗ್ಯಾವಿನ್ ಬ್ರಿಂಡ್ಲಿ 38 ಪಾಯಿಂಟ್ ಗಳಿಸಿದ್ದರು. ಮರುವರ್ಷ ಅದು 52 ಮತ್ತು 53 ಆಯಿತು. ಈ ಇಬ್ಬರಿಂದಲೇ 28 ಪಾಯಿಂಟ್ ಹೆಚ್ಚುವರಿ; ಫ್ಯಾಂಟಿಲಿಯ 65ರಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ತುಂಬಿತು. ಮೂರನೇ ಶ್ರೇಯಾಂಕದಿಂದ ಹೊರಟ ತಂಡ ನಾರ್ತ್ ಡಕೋಟಾವನ್ನೂ ಮಿಶಿಗನ್ ಸ್ಟೇಟನ್ನೂ ಸೋಲಿಸಿ, ಕೊನೆಯ ನಾಲ್ಕು ತಂಡಗಳ ಫ್ರೋಜನ್ ಫೋರ್ ತಲುಪಿತು.

ಏಟು ಬಿದ್ದದ್ದು ಆಮೇಲೆ. 2024ರಲ್ಲಿ ಬ್ರಿಂಡ್ಲಿ (53), ಮೆಕ್‌ಗ್ರೋರ್ಟಿ (52), ಡಿಲನ್ ಡ್ಯೂಕ್ (49), ಶೇಮಸ್ ಕೇಸಿ (45), ಫ್ರ್ಯಾಂಕ್ ನಜರ್ (41) ಐವರೂ ವೃತ್ತಿಪರರಾದರು. ಒಟ್ಟು 240 ಪಾಯಿಂಟ್ ಒಂದೇ ಬೇಸಿಗೆಯಲ್ಲಿ ಖಾಲಿ. 2024-25ರಲ್ಲಿ ಮಿಶಿಗನ್ 18-15-3ಕ್ಕೆ ಕುಸಿದು ರಾಷ್ಟ್ರೀಯ ಟೂರ್ನಿಗೇ ಅರ್ಹತೆ ಪಡೆಯಲಿಲ್ಲ. 2023ರ ಹೋಬಿ ಬೇಕರ್ ಗೆದ್ದಿದ್ದ ಫ್ಯಾಂಟಿಲಿ ಹೋದ ವರ್ಷ ಫ್ರೋಜನ್ ಫೋರ್, ಅವರಿಗಿಂತ ಕೆಳಗಿದ್ದ ಐವರು ಒಟ್ಟಿಗೆ ಹೋದ ವರ್ಷ ಟೂರ್ನಿಯೇ ಇಲ್ಲ. ತಾರೆಯ ನಿರ್ಗಮನ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಡ್ರಾಫ್ಟ್‌ನ ಮೊದಲ ಮೂರರಲ್ಲಿ ಹೋಗುವ ಹುಡುಗ ಉಳಿಯುವನೆಂದು ಯಾವ ಕೋಚ್ ಕೂಡ ಲೆಕ್ಕ ಹಾಕುವುದಿಲ್ಲ. ಎರಡನೇ ಸಾಲು ಯಾವಾಗ ಹೊರಡುತ್ತದೆ ಎಂಬುದೇ ನಿದ್ದೆ ಕೆಡಿಸಬೇಕಾದ ಪ್ರಶ್ನೆ.

ಬಾಸ್ಟನ್ ಯೂನಿವರ್ಸಿಟಿಯ ಕೋಚ್ ಜೇ ಪ್ಯಾಂಡಾಲ್ಫೊ 113 ಪಾಯಿಂಟ್‌ನ ಕೊರತೆಯನ್ನು ನಿಭಾಯಿಸಿದ್ದು ಮೂರು ಕಡೆಯಿಂದ. ಲೇನ್ ಹಟ್ಸನ್ ಅವರ ತಮ್ಮ ಕೋಲ್ ಮೊದಲ ವರ್ಷದಲ್ಲೇ 48 ಪಾಯಿಂಟ್ ಗಳಿಸಿದರು, ಅಣ್ಣನ 49ಕ್ಕೆ ಒಂದೇ ಕಡಿಮೆ. ಹೊಸಬ ಕೋಲ್ ಐಸರ್‌ಮನ್ 25 ಗೋಲು ಸೇರಿ 36. ಹಟ್ಸನ್ ಸಹೋದರರಲ್ಲಿ ದೊಡ್ಡವರಾದ ಕ್ವಿನ್ ತಂಡದಲ್ಲೇ ಉಳಿದು 50 ಪಾಯಿಂಟ್ ಕೊಟ್ಟರು. ಇಷ್ಟಾದರೂ ಅರ್ಧ ಋತುವಿನವರೆಗೆ ತಂಡ ತಡವರಿಸುತ್ತಿತ್ತು. 2025ರ ಜನವರಿಯಲ್ಲಿ ಗೋಲ್‌ಕೀಪರ್ ಮಿಖಾಯಿಲ್ ಯೆಗೊರೊವ್ ಓಮಹಾದ ಜೂನಿಯರ್ ತಂಡದಿಂದ ನಡುವಿನಲ್ಲೇ ಬಂದು ಸೇರಿದರು. ಅಲ್ಲಿಂದ ತಂಡದ ಮುಖ ಬದಲಾಯಿತು: ರಾಷ್ಟ್ರೀಯ ಟೂರ್ನಿಯಲ್ಲಿ ಓಹಾಯೊ ಸ್ಟೇಟ್ ಎದುರು 8-3, ಕಾರ್ನೆಲ್ ಎದುರು ಹೆಚ್ಚುವರಿ ಅವಧಿಯಲ್ಲಿ 3-2, ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ಎದುರು 3-1. ಏಪ್ರಿಲ್ 12ರ ಫೈನಲ್‌ನಲ್ಲಿ ವೆಸ್ಟರ್ನ್ ಮಿಶಿಗನ್ 6-2ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿ ಎತ್ತಿತು. ಸೆಲೆಬ್ರಿನಿ ಇದ್ದಾಗ ಸೆಮಿಫೈನಲ್‌ಗೆ ನಿಂತಿದ್ದ ತಂಡ, ಅವರಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅತ್ತ ಸೆಲೆಬ್ರಿನಿ ಎನ್‌ಎಚ್‌ಎಲ್‌ನ ಮೊದಲ ವರ್ಷ 70 ಪಂದ್ಯಗಳಲ್ಲಿ 63 ಪಾಯಿಂಟ್ ಗಳಿಸಿದರು. ಲೇನ್ 66 ಪಾಯಿಂಟ್‌ನೊಂದಿಗೆ ಅತ್ಯುತ್ತಮ ಹೊಸಬನ ಕಾಲ್ಡರ್ ಟ್ರೋಫಿ ಗೆದ್ದರು.

2025ರ ಆಗಸ್ಟ್‌ನಿಂದ ಲೆಕ್ಕದ ಇನ್ನೊಂದು ಬದಿಯೂ ಬದಲಾಗಿದೆ. ಕೆನಡಾದ ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಹಿಂದೆ ಅಮೆರಿಕದ ಕಾಲೇಜುಗಳ ಬಾಗಿಲು ಮುಚ್ಚಿತ್ತು, ಈಗ ತೆರೆದಿದೆ. ಮೆಡಿಸಿನ್ ಹ್ಯಾಟ್ ತಂಡಕ್ಕೆ 56 ಪಂದ್ಯಗಳಲ್ಲಿ 129 ಪಾಯಿಂಟ್ ಗಳಿಸಿದ್ದ ಗ್ಯಾವಿನ್ ಮೆಕೆನ್ನಾ ಆ ಬಾಗಿಲಿನಿಂದಲೇ ಪೆನ್ ಸ್ಟೇಟ್‌ಗೆ ಬಂದರು. ಮೊದಲು ತಂಡವೊಂದಕ್ಕೆ 18 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಇತ್ತು. ಕಾಲೇಜು ಆಟಗಾರರ ಸಂಭಾವನೆ ಕುರಿತ ಮೊಕದ್ದಮೆಯಲ್ಲಿ ಆದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಈಗ 26 ಆಟಗಾರರ ಮಿತಿ, ಬೇಕಾದರೆ ಎಲ್ಲರಿಗೂ ವಿದ್ಯಾರ್ಥಿವೇತನ. ಒಬ್ಬ ಹೋದರೆ ಇನ್ನೊಬ್ಬನನ್ನು ಹುಡುಕುವ ಕೆಲಸ ಹಿಂದಿಗಿಂತ ಸುಲಭ. ಐವರು ಒಟ್ಟಿಗೆ ಹೋದರೆ ಮಾತ್ರ ಈಗಲೂ ಕಷ್ಟ, ಏಕೆಂದರೆ ಜೊತೆಯಾಗಿ ಆಡಿ ಪಳಗಿದ ಸಾಲು ಪೇಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ 2025ರ ಏಪ್ರಿಲ್‌ನಲ್ಲಿ ಕ್ವಿನ್ ಹಟ್ಸನ್ ಎನ್‌ಎಚ್‌ಎಲ್‌ನ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದ ಸುದ್ದಿಗಿಂತ, ಕೋಲ್ ಹಟ್ಸನ್, ಐಸರ್‌ಮನ್, ಯೆಗೊರೊವ್ ಮೂವರೂ ಎರಡನೇ ಋತುವಿಗೆ ಬಾಸ್ಟನ್‌ನಲ್ಲೇ ಉಳಿದರು ಎಂಬ ಸುದ್ದಿಯನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.